ಕುಸುಬಿ ಎಣ್ಣೆಯ ಕೈ

ನಾನು ಒಂದು ಕಡೆ ಕೂಡುವ ಪ್ರಾಣಿಯಲ್ಲ. ವಾಡಿಯ ನಮ್ಮ ಕ್ವಾರ್ಟರ್ಸಿನಲ್ಲಿ ಊಟಕ್ಕೆ ಕುಳಿತರೂ ನಡುವೆ ಎರಡು ಸಲ ಎದ್ದು ಬಾಗಿಲತನಕ ಹೋಗಿ ಬರುತ್ತಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಅವ್ವ ಬೈಯುತ್ತಿದ್ದಳು. ಈ ಚಡಪಡಿಕೆಯೇ ಮುಂದೆ ನನಗೆ ಅನ್ನ ಹಾಕಿತು. ಮೊದಲು ಊರಿನ ಸಿಮೆಂಟ್ ಕಾರ್ಖಾನೆಯಲ್ಲಿ, ಆಮೇಲೆ ಹೈದರಾಬಾದಿನ ಹೊರವಲಯದಲ್ಲಿ ವಿಮಾನದ ಭಾಗ ಮಾಡುವ ಕಾರ್ಖಾನೆಯಲ್ಲಿ, ನನ್ನ ಕೆಲಸ ಒಂದೇ: ಯಂತ್ರ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಕಂಡುಹಿಡಿಯುವುದು. ನಿಂತ ಯಂತ್ರ ಕಂಡರೆ ನನಗೆ ಇವತ್ತಿಗೂ ಮೈ ತುರಿಸಿದಂತಾಗುತ್ತದೆ.

ಹೈದರಾಬಾದಿನ ಯಂತ್ರ ಅಂಥಿಂಥದ್ದಲ್ಲ. ರೈಲು ಡಬ್ಬಿಯಷ್ಟು ಉದ್ದದ ಒಂದು ಅಚ್ಚು ಮಲಗಿರುತ್ತದೆ. ಯಂತ್ರದ ತೋಳು ಅದರ ಮೇಲೆ ಅತ್ತಿಂದಿತ್ತ ಓಡುತ್ತ, ರಾಳದಲ್ಲಿ ನೆನೆದ ಕರಿಯ ಕಾರ್ಬನ್ ಪಟ್ಟಿಗಳನ್ನು ಬಿಸಿ ಮಾಡಿ, ಒತ್ತಿ, ಪದರದ ಮೇಲೆ ಪದರ ಹಾಸುತ್ತದೆ. ಹಾಸಿದ್ದೆಲ್ಲ ಕೊನೆಗೆ ಒಂದು ದೈತ್ಯ ಒಲೆಯಲ್ಲಿ ಬೆಂದು ವಿಮಾನದ ರೆಕ್ಕೆಯ ಹೊದಿಕೆಯಾಗುತ್ತದೆ. ಹಗಲೂರಾತ್ರಿ ಓಡಿದರೂ ಒಂದು ಹೊದಿಕೆ ಮುಗಿಯಲು ದಿನಗಟ್ಟಲೆ ಹಿಡಿಯುತ್ತಿತ್ತು. ಕೊಳ್ಳುವವರು ಅವಸರ ಮಾಡುತ್ತಿದ್ದರು, ಮ್ಯಾನೇಜರು ನನ್ನ ತಲೆ ತಿನ್ನುತ್ತಿದ್ದರು.

ತೋಳಿನ ವೇಗ ಹೆಚ್ಚಿಸು ಎಂಬುದೊಂದೇ ಮ್ಯಾನೇಜರ ಮಂತ್ರ. ನಾನು ಒಪ್ಪಲಿಲ್ಲ. ಓಡುವವನು ಎಷ್ಟು ಜೋರು ಓಡುತ್ತಾನೆ ಎಂದಲ್ಲ, ನಡುವೆ ಎಷ್ಟು ಸಲ ಕೂತು ಬೀಡಿ ಸೇದುತ್ತಾನೆ ಎಂದು ನೋಡಬೇಕು ಅಂದೆ. ಸಿಮೆಂಟ್ ಚೀಲ ತುಂಬುವ ಕಡೆ ಕಲಿತ ಪಾಠ ಅದು. ಎಣಿಸಲು ಶುರು ಮಾಡಿದೆ. ಹೌದು, ಯಂತ್ರ ಹಾಸುವುದಕ್ಕಿಂತ ನಿಲ್ಲುವುದೇ ಹೆಚ್ಚಾಗಿತ್ತು. ಅದರಲ್ಲೂ ಬೆಳಗಿನ ಪಾಳಿಯಲ್ಲಿ, ಅಚ್ಚಿನ ಒಂದೇ ತುದಿಯಲ್ಲಿ, ಪಟ್ಟಿಯ ಮೊದಲ ಅಂಚು ಅಂಟದೆ ಎದ್ದುಬಿಡುತ್ತಿತ್ತು. ಎದ್ದರೆ ತೋಳು ನಿಂತಿತು. ಆ ಪಟ್ಟಿ ಕಿತ್ತು, ಜಾಗ ಶುಚಿ ಮಾಡಿ, ಮತ್ತೆ ಹಾಸಬೇಕು.

ಬೆಳಗಿನ ಪಾಳಿಯಲ್ಲಿ ಯಂತ್ರ ನಡೆಸುತ್ತಿದ್ದವಳು ಚಿಮ್ಮನಚೋಡ ಎಂಬ ಹಳ್ಳಿಯವಳು, ಮೂವತ್ತರ ಆಸುಪಾಸಿನ ಹೆಂಗಸು. ಮನೆಯವರು ತೊಗರಿ ಬೆಳೆಯುವವರು. ಐಟಿಐ ಮುಗಿಸಿ, ನಾಲ್ಕು ಕಡೆ ಗುತ್ತಿಗೆ ದುಡಿದು, ಕೊನೆಗೆ ಈ ಯಂತ್ರದ ಮುಂದೆ ಬಂದು ನಿಂತಿದ್ದಳು. ಇಲ್ಲಿಯೂ ಗುತ್ತಿಗೆಯೇ. ಆದರೆ ಆ ವರ್ಷ ಅವಳ ಹೆಸರು ಖಾಯಂ ಮಾಡುವವರ ಪಟ್ಟಿಯಲ್ಲಿತ್ತು. ಯಂತ್ರದ ಮೇಲೆ ಕೈ ಕುದುರಿದೆ ಎಂದು ಮ್ಯಾನೇಜರು ಬರೆದುಕೊಟ್ಟರೆ ಆಯಿತು. ಇಲ್ಲವಾದರೆ ಕಾರ್ಖಾನೆಯ ಹಿಂಬದಿಯ ಪ್ಯಾಕಿಂಗ್ ಶೆಡ್ಡು. ಭಾನುವಾರ ರಜೆಗೆ ಊರಿಗೆ ಹೋಗಿ, ಸಂಜೆಯೇ ಸೇಡಂನ ಅಕ್ಕನ ಮನೆಗೆ ಬಂದಿದ್ದು, ಸೋಮವಾರ ನಸುಕಿನ ರೈಲು ಹತ್ತುತ್ತಿದ್ದಳು. ನಾನು ಅದೇ ರೈಲನ್ನು ವಾಡಿಯಲ್ಲಿ ಹತ್ತುತ್ತಿದ್ದೆ. ಒಂದೇ ಡಬ್ಬಿಯಲ್ಲಿ ಕೂತರೂ ಮಾತು ಕಡಿಮೆ. ನಾನು ಕೂಡುತ್ತಲೇ ಇರಲಿಲ್ಲ ಎನ್ನುವುದೂ ನಿಜ. ತಾಂಡೂರು ದಾಟುವುದರೊಳಗೆ ಮೂರು ಸಲ ಬಾಗಿಲಿಗೆ ಹೋಗಿ ಬಂದಿರುತ್ತಿದ್ದೆ.

ಯಂತ್ರವಿದ್ದ ಕೋಣೆಗೆ ಧೂಳು ಬರಬಾರದು. ಒಳಗೆ ಹೋಗುವವರು ಬಿಳಿ ಅಂಗಿ, ಟೋಪಿ, ಕೈಗೆ ಗ್ಲೌಸು ಹಾಕಲೇಬೇಕು. ನಾನೂ ಹಾಕುತ್ತಿದ್ದೆ. ಆದರೆ ನನ್ನ ಹಳೆಯ ಸ್ಟಾಪ್‌ವಾಚಿನ ಗುಂಡಿ ಗ್ಲೌಸಿನೊಳಗಿಂದ ಸರಿಯಾಗಿ ಸಿಗುತ್ತಿರಲಿಲ್ಲ. ಬಲಗೈಯದನ್ನು ಬಿಚ್ಚಿ ಜೇಬಿಗೆ ಇಳಿಸುತ್ತಿದ್ದೆ. ಇಷ್ಟು ದೊಡ್ಡ ಕಾರ್ಖಾನೆಯ ವೇಳೆ ಉಳಿಸಲು ಬಂದವನು ನಾನು, ಒಂದು ಗ್ಲೌಸಿನ ಮಾತು ನನಗ್ಯಾರು ಹೇಳಬೇಕು ಎಂಬ ಧಿಮಾಕು ಬೇರೆ. ದಿನಾ ಬೆಳಿಗ್ಗೆ ಎರಡು ತಾಸು ಅಚ್ಚಿನ ಆ ತುದಿಗೇ ನಿಂತು, ಅವಳ ಒಂದೊಂದು ಕೆಲಸಕ್ಕೂ ಎಷ್ಟು ಹೊತ್ತು ಎಂದು ಬರೆಯುತ್ತಿದ್ದೆ. ಮಧ್ಯಾಹ್ನ ಆಫೀಸಿನಲ್ಲಿ ಕೂತು ಅಂಕಿ ಕೂಡಿಸುತ್ತಿದ್ದೆ.

ಬರೆದದ್ದರಲ್ಲಿ ಒಂದು ನನ್ನ ಕಣ್ಣು ಕುಕ್ಕಿತು. ಅವಳು ಆಗಾಗ ಕೆಲಸ ಬಿಟ್ಟು, ಶುಚಿ ಮಾಡುವ ದ್ರವದಲ್ಲಿ ಬಟ್ಟೆ ಅದ್ದಿ, ನಾನು ನಿಲ್ಲುತ್ತಿದ್ದ ತುದಿಯನ್ನೇ ಒರೆಸುತ್ತಿದ್ದಳು. ನಿಯಮದಲ್ಲಿ ಇಲ್ಲದ ಕೆಲಸ. 'ಅನಗತ್ಯ ಒರೆಸುವಿಕೆ' ಎಂದು ಒಂದು ಸಾಲು ಎಳೆದು, ಅದರ ಕೆಳಗೆ ಅವಳ ನಿಮಿಷಗಳನ್ನು ಪೇರಿಸುತ್ತ ಹೋದೆ. ಒಂದು ದಿನ ಅವಳು ಬಟ್ಟೆ ಹಿಡಿದುಕೊಂಡೇ ಹತ್ತಿರ ಬಂದು, "ಸರ್, ನಿಮ್ಮ ಕೈ..." ಅಂದಳು. ನಾನು ಎಣಿಕೆಯ ನಡುವೆ ಇದ್ದೆ. ಸಿಟ್ಟು ನೆತ್ತಿಗೇರಿತು.

"ನನ್ನ ಕೈ ನಾ ನೋಡ್ಕೋತೀನಿ. ನೀ ನಿನ್ನ ಕೆಲಸ ನೋಡು," ಅಂದೆ.

ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ಅಂಕಿಗಳು ಸ್ಪಷ್ಟವಾಗಿದ್ದವು. ಮಧ್ಯಾಹ್ನದ ಪಾಳಿಯಲ್ಲಿ ಪಟ್ಟಿ ಏಳುವುದಿಲ್ಲ. ರಾತ್ರಿ ಏಳುವುದಿಲ್ಲ. ಭಾನುವಾರ ಬೇರೆಯವರು ಯಂತ್ರ ನಡೆಸುತ್ತಾರೆ, ಆಗಲೂ ಏಳುವುದಿಲ್ಲ. ಅವಳಿದ್ದಾಗ ಮಾತ್ರ ಏಳುತ್ತದೆ. ಮೂರನೆಯ ಹೊದಿಕೆ ಒಲೆಗೆ ಹೋದ ವಾರ ವರದಿ ಬರೆದುಕೊಟ್ಟೆ: ದೋಷ ಯಂತ್ರದ್ದಲ್ಲ, ನಡೆಸುವವರ ಕೈಯದ್ದು. ಮ್ಯಾನೇಜರು ಬೆನ್ನು ತಟ್ಟಿದರು. ಶನಿವಾರ ಸಂಜೆಯೊಳಗೆ ಅವಳಿಗೆ ಪ್ಯಾಕಿಂಗ್ ಶೆಡ್ಡಿನ ಚೀಟಿ ಕೈ ಸೇರಿತು. ಖಾಯಂ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. ನನಗೆ ಪಾಪ ಅನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಗೆದ್ದೆ ಅನಿಸಿತು.

ಆ ಭಾನುವಾರ ವಾಡಿಯಲ್ಲಿದ್ದೆ. ವರದಿಯ ಇನ್ನೊಂದು ಪ್ರತಿ ಕರಿಯ ಪ್ಲಾಸ್ಟಿಕ್ ಫೈಲಿನಲ್ಲಿತ್ತು. ಬೆಳಿಗ್ಗೆ ಓದಿ ಕಿಟಕಿಯ ಶಹಾಬಾದ್ ಕಲ್ಲಿನ ಮೇಲೆ ಇಟ್ಟು, ಊರು ಸುತ್ತಿ ಮಧ್ಯಾಹ್ನ ಬಂದೆ. ನಮ್ಮೂರಿನಲ್ಲಿ ಸಿಮೆಂಟ್ ಧೂಳು ಕೇಳಿಕೊಂಡು ಬರುವುದಿಲ್ಲ. ಈಗ ಮೊದಲಿನಷ್ಟಿಲ್ಲ ಎನ್ನುತ್ತಾರೆ, ಆದರೂ ಅರ್ಧ ದಿನ ಬಿಟ್ಟರೆ ಯಾವುದರ ಮೇಲಾದರೂ ತೆಳ್ಳಗೆ ಬೂದು ಕೂತಿರುತ್ತದೆ. ಫೈಲಿನ ಮೇಲೂ ಕೂತಿತ್ತು. ಎತ್ತಿ ಊದಿದೆ. ಧೂಳೆಲ್ಲ ಹಾರಿತು, ಒಂದು ಕಡೆ ಮಾತ್ರ ಹಾರಲಿಲ್ಲ. ಅಡ್ಡಕ್ಕೆ ಎಳೆದ ನಾಲ್ಕು ಬೆರಳಿನ ಬರೆ, ಹಿಂದೆ ಅಂಗೈಯ ಬುಡ, ಕರಿಯ ಫೈಲಿನ ಮೇಲೆ ಬೂದು ಬಣ್ಣದಲ್ಲಿ ಎದ್ದು ಕಂಡಿತು.

ನನ್ನದೇ ಬಲಗೈ. ಆ ಬೆಳಿಗ್ಗೆ ಫೈಲು ಓದುವ ಮುಂಚೆ ಒರೆಸಿರಬೇಕು.

ವಾಡಿಯಲ್ಲಿ ಹುಟ್ಟಿದವರು ಏನನ್ನೂ ಒರೆಸದೆ ಮುಟ್ಟುವುದಿಲ್ಲ. ಕುರ್ಚಿಯ ಮೇಲೆ ಕೂಡುವ ಮುಂಚೆ ಅಂಗೈಯಿಂದ ಒಂದು ಸಲ, ತಾಟು ಇಡುವ ಮುಂಚೆ ಒಂದು ಸಲ, ಕೂಸನ್ನು ಮಲಗಿಸುವ ಮುಂಚೆ ಒಂದು ಸಲ. ನಮ್ಮ ಸ್ಟೇಷನ್ನಿನಲ್ಲಿ ಯಾರು ಊರಿನವರು, ಯಾರು ಗಾಡಿ ಬದಲಿಸಲು ಇಳಿದವರು ಎಂದು ಬೆಂಚಿಗೆ ಕೂಡುವ ರೀತಿಯಲ್ಲೇ ಹೇಳಬಹುದು. ಒರೆಸಿದ್ದು ಯಾರಿಗೂ ನೆನಪಿರುವುದಿಲ್ಲ, ಉಸಿರಾಡಿದ್ದು ನೆನಪಿರದ ಹಾಗೆ. ಇನ್ನು ಧೂಳು ಹಾರದೆ ಅಂಟಿಕೊಂಡದ್ದು ಕೈಯ ಎಣ್ಣೆಗೆ: ಸಿಮೆಂಟಿನಲ್ಲಿ ದುಡಿದ ವರ್ಷಗಳಲ್ಲಿ ನನ್ನ ಅಂಗೈ ಬಿರುಕುಬಿಟ್ಟು, ದಿನಾ ಬೆಳಿಗ್ಗೆ ಕುಸುಬಿ ಎಣ್ಣೆ ತಿಕ್ಕಿಕೊಳ್ಳುವ ರೂಢಿಯಾಗಿತ್ತು. ಪ್ರತಿ ಭಾನುವಾರ ಅವ್ವ ಚಿಕ್ಕ ಬಾಟಲಿ ತುಂಬಿ ನನ್ನ ಚೀಲದಲ್ಲಿ ಇಡುತ್ತಿದ್ದಳು.

ಅಚ್ಚಿನ ತುದಿಗೆ ನನ್ನ ನೋಟುಬುಕ್ಕು ಇಡುತ್ತಿದ್ದೆ. ಇಡುವ ಮುಂಚೆ ನಾನು ಏನು ಮಾಡಿರಬೇಕು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಧೂಳೇ ಇಲ್ಲದ ಕೋಣೆಯಲ್ಲಿ, ಕೋಟಿ ಬೆಲೆಯ ಅಚ್ಚಿನ ಮೇಲೆ, ದಿನಾ ಬೆಳಿಗ್ಗೆ ಎಣ್ಣೆಗೈ ಆಡಿಸಿ ಬರುತ್ತಿದ್ದೆ. ಎಣ್ಣೆ ಇದ್ದಲ್ಲಿ ಪಟ್ಟಿ ಹೇಗೆ ಅಂಟೀತು? ಮಧ್ಯಾಹ್ನ ಅವಳಿರಲಿಲ್ಲ, ನಾನೂ ಇರಲಿಲ್ಲ. ಭಾನುವಾರ ಅವಳಿಗೆ ರಜೆ, ನನಗೂ ರಜೆ. ಎಲ್ಲರನ್ನೂ ಎಣಿಸಿದವನು ನನ್ನೊಬ್ಬನನ್ನು ಬಿಟ್ಟು ಎಣಿಸಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಬರೆ ಕಾಯಿಸಿದವನು ನಾನು, ಜ್ವರದ ಎತ್ತೂ ನಾನೇ.

ಅಡುಗೆಮನೆಗೂ ಅಂಗಳಕ್ಕೂ ಎಷ್ಟು ಸಲ ತಿರುಗಿದೆನೋ. ಅವ್ವ ಏನಾಯಿತೆಂದು ಕೇಳಿದಳು, ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಕೈಯಾಗ ಬೆಣ್ಣಿ ಇಟ್ಕೊಂಡು ತುಪ್ಪಕ್ಕ ಊರೆಲ್ಲಾ ತಿರಗಿದಂಗಾತು ನಿಂದು. ಆ ಹೆಣಮಗಳಿಗಿ ಮೊದಲ ಹೇಳು. ಆಮ್ಯಾಗ ಸಾಹೇಬಗ ಹೇಳು," ಅಂದಳು.

ನನಗೆ ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚು ಭಯ. ಹೇಳಿದರೆ ವಿಷಯ ಅವಳ ನೌಕರಿಗೆ ನಿಲ್ಲುವುದಿಲ್ಲ. ಎದ್ದ ಪಟ್ಟಿಗಳನ್ನು ಕಿತ್ತು ಸರಿಮಾಡಿದ್ದರು. ಏಳದೆ ಹೇಗೋ ಅಂಟಿಕೊಂಡು ಕೂತವು ಎಷ್ಟೋ? ಪದರಗಳ ನಡುವೆ ಎಣ್ಣೆ ಉಳಿದ ಹೊದಿಕೆ ರೆಕ್ಕೆಯ ಮೇಲೆ ಏರಿದರೆ, ಆ ರೆಕ್ಕೆಯನ್ನು ನಂಬಿ ಕೂತು ಹಾರುವವರು ಯಾರೋ ಏನೋ. ಮುಗಿದ ಮೂರೂ ಹೊದಿಕೆಗಳನ್ನು ಮತ್ತೆ ತಪಾಸಣೆ ಮಾಡಬೇಕಾಗುತ್ತಿತ್ತು.

ಸೋಮವಾರ ರೈಲು ಸೇಡಂಗೆ ಬಂದಾಗ ಬಾಗಿಲಲ್ಲೇ ನಿಂತಿದ್ದೆ. ಅವಳು ಹತ್ತಿದಳು, ನನ್ನನ್ನು ನೋಡಿ ಮುಖ ಆಚೆ ತಿರುಗಿಸಿ ಕೂತಳು. ಎದುರಿನ ಸೀಟಿನಲ್ಲಿ ಕೂತೆ. ಕೋಡ್ಲಾ ಕಡೆಯ ಸಿಮೆಂಟ್ ಚಿಮಣಿಗಳ ಹೊಗೆ ಕಿಟಕಿಯಿಂದ ಮರೆಯಾದ ಮೇಲೆ ಬಾಯಿ ಬಿಟ್ಟೆ.

"ಪಟ್ಟಿ ಏಳ್ತಿದ್ದದ್ದು ನನ್ನ ಕೈಯಿಂದ. ಎಣ್ಣಿಗೈಲೆ ದಿನಾ ಒರಸೀನಿ. ತಪ್ಪು ನಂದು, ಬರದಿದ್ದು ನಿನ್ನ ಹೆಸರಿಗಿ," ಅಂದೆ.

"ಗೊತ್ತದ್ರಿ," ಅಂದಳು.

ಅವಳು ದನಿ ಏರಿಸದೆ ಹೇಳುತ್ತ ಹೋದಳು. ನನ್ನ ಕೈ ಆಡಿದ್ದು ಕಂಡಾಗಲೆಲ್ಲ ಅವಳು ಹಿಂದೆಯೇ ಬಟ್ಟೆ ತಂದು ಒರೆಸುತ್ತಿದ್ದಳಂತೆ. ಪಟ್ಟಿಯ ಸುರುಳಿ ತುಂಬಲು ಅತ್ತ ಹೋದಾಗ ನಾನು ಒರೆಸಿದ್ದು ಕಾಣುತ್ತಿರಲಿಲ್ಲವಂತೆ. ಏಳುತ್ತಿದ್ದವು ಅವೇ ಇರಬೇಕು. ಅವಳ ಅಪ್ಪನೂ ಕೂಡುವ ಮುಂಚೆ ಹೀಗೇ ಒರೆಸುವ ಮನುಷ್ಯ, ಅದು ಕೈ ತಾನಾಗಿಯೇ ಮಾಡುವ ಕೆಲಸ, ಮನುಷ್ಯನಿಗೆ ಗೊತ್ತಾಗುವುದಿಲ್ಲ ಅಂದಳು. ಶನಿವಾರ ಯಾಕೆ ಮ್ಯಾನೇಜರಿಗೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳೀನ್ರಿ. ನಿನ್ನ ತಪ್ಪು ಸರ್ ಮ್ಯಾಲ ಹಾಕಬ್ಯಾಡ ಅಂದ್ರು. ನಿಮಗೂ ಹೇಳಾಕ ಬಂದಿದ್ದೆ, ಕೈ ನಾ ನೋಡ್ಕೋತೀನಿ ಅಂದ್ರಿ." ಚೀಲ ತೊಡೆಯ ಮೇಲೆ ಎಳೆದುಕೊಂಡು ಮತ್ತೆ ಅಂದಳು: "ನಾ ಒರಸಿದ್ದಕ್ಕ ನಿಮಿಷಾ ನಿಮಿಷಾ ಬರದ್ರಿ. ನೀವು ಒರಸಿದ್ದು ಒಂದಾರ ಬರದ್ರೇನ್ರಿ?"

ಅನಗತ್ಯ ಒರೆಸುವಿಕೆ ಎಂದು ನಾನು ಪೇರಿಸಿದ ನಿಮಿಷಗಳೇ ಆ ಹೊದಿಕೆಗಳನ್ನು ಅಷ್ಟಿಷ್ಟು ಉಳಿಸಿದ್ದವು. ಅವತ್ತು ತಾಂಡೂರು ಬರುವವರೆಗೂ ನಾನು ಎದ್ದು ಬಾಗಿಲಿಗೆ ಹೋಗಲಿಲ್ಲ.

ಕಾರ್ಖಾನೆಯಲ್ಲಿ ಇದನ್ನೆಲ್ಲ ಹೇಳಿದಾಗ ಮ್ಯಾನೇಜರು ಮೊದಲು ನಕ್ಕರು, ಆಮೇಲೆ ಬಾಗಿಲು ಹಾಕಿದರು. ವರದಿ ಕೊಳ್ಳುವವರಿಗೆ ಹೋಗಿಯಾಗಿದೆ, ನೀನು ಇನ್ನು ಗ್ಲೌಸು ಹಾಕಿದರೆ ಸಾಕು, ಮುಗಿದುಹೋದದ್ದನ್ನು ಕೆದಕುವುದು ಯಾಕೆ ಎಂದರು. ಎರಡು ಕೋಣೆ ಆಚೆಗೆ ನನ್ನದೇ ಟೇಬಲ್ಲಿತ್ತು. ಹೋಗಿ, ನನ್ನ ಹೆಸರಿಟ್ಟು, ಗ್ಲೌಸು, ಎಣ್ಣೆ, ನೋಟುಬುಕ್ಕು ಎಲ್ಲ ಬರೆದು, ಗುಣಮಟ್ಟದ ವಿಭಾಗಕ್ಕೆ ಕೊಟ್ಟುಬಿಟ್ಟೆ. ಅವಳ ನಿಮಿಷಗಳ ಸಾಲನ್ನು ನನ್ನ ಹೆಸರಿನ ಕೆಳಗೆ ಹಾಕಿದೆ.

ಮೂರು ಹೊದಿಕೆಗಳಲ್ಲಿ ಎರಡು ಪಾಸಾದವು. ಮೂರನೆಯದರ ತುದಿಯಲ್ಲಿ, ಪದರಗಳ ನಡುವೆ, ಉಗುರಿನಷ್ಟು ಜಾಗ ಸರಿಯಾಗಿ ಕೂಡಿರಲಿಲ್ಲ. ಆ ಹೊದಿಕೆಯನ್ನು ಗುಜರಿಗೆಂದು ಗರಗಸದಲ್ಲಿ ಕೊಯ್ಯುವಾಗ ಹೋಗಿ ನಿಂತು ನೋಡಿದೆ, ಯಾರೂ ಹೇಳದಿದ್ದರೂ. ನನ್ನ ಬಡ್ತಿ ಹೋಯಿತು, ಆ ಕೋಣೆಯೊಳಗೆ ಹೋಗುವ ಪಾಸೂ ಹೋಯಿತು. ಈಗ ಗಾಜಿನ ಆಚೆಯಿಂದ ಎಣಿಸುತ್ತೇನೆ. ಅವಳು ಯಂತ್ರಕ್ಕೆ ಮರಳಿದಳು. ಖಾಯಂ ಪಟ್ಟಿಗೆ ಹೆಸರು ಮತ್ತೆ ಸೇರಿದೆ, ಆದೇಶ ಇನ್ನೂ ಬಂದಿಲ್ಲ. ಬೆಳಗಿನ ಪಾಳಿಯಲ್ಲಿ ಪಟ್ಟಿ ಏಳುವುದು ನಿಂತುಹೋಯಿತು, ಹೊದಿಕೆಗಳು ಬೇಗ ಬೇಗ ಒಲೆ ಸೇರತೊಡಗಿದವು. ಉತ್ಪಾದನೆಗೆ ನಾನು ಇದುವರೆಗೆ ಮಾಡಿದ ದೊಡ್ಡ ಉಪಕಾರ ಎಂದರೆ ಒಳಗೆ ಹೋಗದೆ ಇದ್ದದ್ದು.

ಆಮೇಲೊಂದು ಸೋಮವಾರ ರೈಲು ಕಿಕ್ಕಿರಿದಿತ್ತು. ಸೇಡಂನಲ್ಲಿ ಅವಳು ಹತ್ತುವುದು ಕಂಡು, ಪಕ್ಕದ ಸೀಟಿನಲ್ಲಿಟ್ಟಿದ್ದ ಚೀಲ ಎತ್ತಿ, "ಕುಂದ್ರಿ," ಅಂದೆ. ಅಲ್ಲಿಯವರೆಗೆ ನಾನು ಅವಳಿಗೆ ಬಹುವಚನ ಹಚ್ಚಿದವನಲ್ಲ. ಹೇಳುತ್ತಿರುವಾಗಲೇ ನನ್ನ ಬಲಗೈ ಹೋಗಿ ಆ ಸೀಟನ್ನು ಒಂದು ಸಲ ಒರೆಸಿತು.

ಅವಳು ಕೂಡಲಿಲ್ಲ. ಸೀಟು ನೋಡಿದಳು, ನನ್ನ ಕೈ ನೋಡಿದಳು. ಚೀಲದಿಂದ ಒಂದು ಬಟ್ಟೆ ತೆಗೆದು, ನಾನು ಒರೆಸಿದ ಜಾಗವನ್ನು ಮೂಲೆಯಿಂದ ಮೂಲೆಗೆ ನಿಧಾನವಾಗಿ ಒರೆಸಿ, ಬಟ್ಟೆ ಮಡಚಿ ಒಳಗಿಟ್ಟು, ಆಮೇಲೆ ಕೂತಳು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ನಾನು ಎಣಿಸಲಿಲ್ಲ.