ನೆಗಡಿ ಇದ್ದವರಿಗೆ ಗೊರಿಲ್ಲಾ ದರ್ಶನವಿಲ್ಲ

ಪರ್ವತ ಗೊರಿಲ್ಲಾ ನೋಡಲೆಂದೇ ನೈರೋಬಿಯವರೆಗೆ ಬಂದ ನಾನು, ನೆಗಡಿಯಿಂದಾಗಿ ಆ ಊರಿನ ಕಿಲಿಮಾನಿ ಬಡಾವಣೆಯಲ್ಲೇ ಉಳಿದೆ. ನಮ್ಮನ್ನು ಮನೆಯಲ್ಲಿ ಇರಿಸಿಕೊಂಡಿರುವ ಮೈಸೂರಿನ ಡಾಕ್ಟರ್ ವಸಂತಕ್ಕ ಮೊನ್ನೆಯೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: “ನಮಗೆ ಬರೀ ನೆಗಡಿ, ಅವಕ್ಕೆ ಅಂಟಿದ್ರೆ ಪ್ರಾಣಕ್ಕೇ ಬರುತ್ತೆ. ಪ್ರಪಂಚದಲ್ಲಿ ಇರೋದೇ ಸಾವಿರ ಚಿಲ್ಲರೆ. ನೀವು ಹೋಗ್ಬೇಡಿ.” ಹೆಂಡತಿ ಮಾಲತಿ ಒಬ್ಬಳೇ ಗೊರಿಲ್ಲಾಗಳ ಕಾಡಿರುವ ಉಗಾಂಡಕ್ಕೆ ವಿಮಾನ ಹತ್ತಿದಳು.

ಇವತ್ತು ಮಧ್ಯಾಹ್ನ ಅವಳ ಫೋನ್ ಬಂತು. ಸ್ಪೀಕರ್ ಹಾಕಿದೆ. ವಸಂತಕ್ಕ ಒಲೆ ಆರಿಸಿ ಓಡಿಬಂದರು.

“ರೀ, ನೋಡಿದೆ! ಬಿದಿರಿನ ಮರೆಯಲ್ಲಿ ತಾಯಿ ಕೂತಿತ್ತು. ಮರಿ ನಮ್ಮ ಕಡೆಗೇ ಬಂತು! ಗೈಡ್ ನಮ್ಮನ್ನೆಲ್ಲ ಹಿಂದಕ್ಕೆ ಸರಿಸಿದಷ್ಟೂ ಅದು ಮುಂದಕ್ಕೆ ಬರ್ತಿತ್ತು. ಮಾಸ್ಕ್ ಹಾಕಿದ್ರೂ ನಾನು ಉಸಿರೇ ಬಿಡಲಿಲ್ಲ.”

“ಓ ಮೈ ಗಾಡ್, ದೆನ್?” ಎಂದಳು ವಸಂತಕ್ಕನ ಮಗಳು, ಇಲ್ಲೇ ಹುಟ್ಟಿ ಬೆಳೆದ ನಯನಾ.

“ತಾಯಿ ಎದ್ದು ಬಂತು! ನಮ್ಮನ್ನ ತಿರುಗಿಯೂ ನೋಡಲಿಲ್ಲ. ಮರಿ ಕಾಲು ಹಿಡಿದು ಎಳ್ಕೊಂಡು, ಬೆನ್ನ ಮೇಲೆ ಹಾಕ್ಕೊಂಡು ಹೋಗೇಬಿಡ್ತು!”

ನಯನಾ ಚಪ್ಪಾಳೆ ತಟ್ಟಿದಳು. ಅಷ್ಟು ಹೊತ್ತೂ ನಾನೂ ಉಸಿರು ಬಿಗಿಹಿಡಿದು ನಿಂತಿದ್ದೆನೆಂದು ಆಗಲೇ ನನಗೆ ತಿಳಿದದ್ದು.