ಒಂದು ಫ್ಲಾಪಿಗೆ ಹಿಡಿಸುವಷ್ಟು

ಬಸವನ ಬಾಗೇವಾಡಿಯ ಮೊದಲ ಬೆಳಗು, ಗೋಡೆಯಾಚೆ ಯಾರೋ ಯಾರಿಗೋ ಪಟಪಟನೆ ಬಾರಿಸುತ್ತಿದ್ದಾರೆಂದು ಹೆದರಿ ಓಡಿದೆ. ನೋಡಿದರೆ ಮನೆಯೊಡತಿ ಶಾಂತವ್ವ ಜೋಳದ ರೊಟ್ಟಿ ಬಡಿಯುತ್ತಿದ್ದರು. "ಯಾಕ್ರೀ ಅಕ್ಕಾರ, ದೆವ್ವ ಕಂಡಾಂಗ ನಿಂತೀರಿ?" ಎಂದರು. ಪಾಠ ಹೇಳುವ ಹೆಂಗಸರನ್ನು ಇಲ್ಲಿ ಅಕ್ಕಾರ ಎನ್ನುತ್ತಾರೆ. ಬೈದರೆಂದೇ ತಿಳಿದು ನನ್ನ ಕಣ್ಣು ತುಂಬಿತು. ಕುಂದಾಪುರದ ನಮ್ಮ ಕಿವಿಗೆ ಇಲ್ಲಿನ ಅಕ್ಕರೆಯೂ ಜಗಳದ ಹಾಗೆ ಕೇಳುತ್ತದೆ.

ಅಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿ, ತೆಂಗಿನಕಾಯಿ ತಿಂಗಳೊಳಗೆ ಮುಗಿದವು. ಕಾಯಿ ಇರಬೇಕಾದಲ್ಲೆಲ್ಲ ಇಲ್ಲಿ ಶೇಂಗಾ. ಸಂಜೆಯಾದರೆ ಕಡಲಿನ ಸದ್ದಿಲ್ಲದೆ ಜೀವ ಒದ್ದಾಡುತ್ತಿತ್ತು. ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡೇ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ.

ಆಗಲೇ ಮುದ್ದೇಬಿಹಾಳದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಕನ್ನಡ ಬೆರಳಚ್ಚು ಕಲಿಸುವ ಪ್ರೋಗ್ರಾಂ ಮಾಡಿಕೊಡಲು ಒಪ್ಪಿದೆ. ಅಲ್ಲಿದ್ದುದು ಒಂದೇ ಹಳೆಯ ಕಂಪ್ಯೂಟರು, ಸಿ.ಡಿ. ಇಲ್ಲ, ಇಂಟರ್‌ನೆಟ್ ಇಲ್ಲ, ಫ್ಲಾಪಿ ಮಾತ್ರ. ನಾನು ಬರೆದದ್ದು ಸ್ಕ್ರಿಪ್ಟು, ಎಂದರೆ ತಾನಾಗಿ ಓಡದ ಬರಿಯ ಸೂಚನೆಗಳ ಪಟ್ಟಿ. ಅದನ್ನು ಓದಿ ನಡೆಸುವ ತಂತ್ರಾಂಶ ಅಲ್ಲಿರಲಿಲ್ಲ. ಹಾಗಾಗಿ ಅದನ್ನೂ ಜೊತೆಗೆ ಕಟ್ಟಿ, ತಾನಾಗಿ ಓಡುವ ಒಂದೇ ಕಡತ ಮಾಡಿದೆ. ಅದೋ ಮೂರು ಫ್ಲಾಪಿಯಷ್ಟು ದಪ್ಪವಾಯಿತು! ಬಸ್ಸಿನ ಕುಲುಕಾಟದಲ್ಲಿ ಮೂರರಲ್ಲೊಂದು ಕೆಟ್ಟರೆ ಮುಗಿಯಿತು. ಒಂದರಲ್ಲೇ ಹಿಡಿಸಬೇಕಿತ್ತು.

ಅದೇ ವಾರ ಶಾಂತವ್ವ ಇಂಡಿಯಲ್ಲಿದ್ದ ಮಗಳ ಮನೆಗೆ ಬುತ್ತಿ ಕಟ್ಟುತ್ತಿದ್ದರು. ನಾನು ನಾಲ್ಕು ನಿಂಬೆಹಣ್ಣು ಇಡಲು ಹೋದೆ. "ನಿಂಬಿ ಬೆಳಿಯೋ ಇಂಡಿಗೆ ಯಾರರ ನಿಂಬಿಹಣ್ಣ ಒಯ್ತಾರೇನ್ರಿ? ಅಲ್ಲಿ ಇಲ್ಲದ್ದಷ್ಟ ಕಟ್ಟಬೇಕು," ಎಂದು ನಕ್ಕರು. ನನಗೆ ದಾರಿ ಹೊಳೆಯಿತು. ಇಂಟರ್‌ನೆಟ್ಟಿಗೆ, ಮುದ್ರಣಕ್ಕೆಂದು ತಾವಾಗಿ ಸೇರಿಕೊಂಡಿದ್ದ ಭಾಗಗಳನ್ನೆಲ್ಲ ಕಿತ್ತುಹಾಕಿ, ಉಳಿದದ್ದನ್ನು ಒತ್ತಿ ಕುಗ್ಗಿಸಿದೆ. ಆದರೂ ತುಸು ಹೆಚ್ಚಾಯಿತು. ಪಾಠ ಮುಗಿದಾಗ ಕೇಳಿಸಲೆಂದು ನಮ್ಮೂರ ಕಡಲ ತೆರೆಗಳ ಸದ್ದು ಸೇರಿಸಿದ್ದೆ. ಅದನ್ನು ತೆಗೆಯಲು ಮನಸ್ಸೇ ಬರಲಿಲ್ಲ. ಎಲ್ಲ ಕಡೆ ಇದ್ದೇ ಇರುತ್ತದೆಂದು ಪರದೆಯಲ್ಲಿ ಕನ್ನಡ ಅಕ್ಷರ ಮೂಡಿಸುವ ಫಾಂಟನ್ನು ತೆಗೆದೆ. ನನ್ನ ಕಂಪ್ಯೂಟರಿನಲ್ಲಿ ಸೊಗಸಾಗಿ ಓಡಿತು.

ಮುದ್ದೇಬಿಹಾಳದಲ್ಲಿ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು. ನನ್ನಲ್ಲಿದ್ದ ಫಾಂಟು ಅಲ್ಲಿರಲಿಲ್ಲ. ಹುಡುಗಿಯರು ಮುಖ ಮುಖ ನೋಡಿಕೊಂಡರು. "ಇರ್ಲಿ ಬಿಡ್ರಿ ಅಕ್ಕಾರ. ಹೊರಗಿನವ್ರು ಬರ್ತಾರ, ಆರು ತಿಂಗಳಿಗೆ ಹೋಗ್ತಾರ," ಎಂದರು ಹೆಡ್‌ಮಾಸ್ತರು. ಚೀಲದಲ್ಲಿದ್ದ ಪತ್ರ ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದೆ.

ಮನೆಗೆ ಬಂದು ಶಾಂತವ್ವನ ಮುಂದೆ ಅತ್ತೆ. ನಡೆದದ್ದನ್ನೆಲ್ಲ ಕೇಳಿ ಅವರೆಂದರು: "ನಿಮ್ಮ ಅಡಗಿಮನಿ ನೋಡಿ ಬುತ್ತಿ ಕಟ್ಟೀರಿ. ಉಣ್ಣಾವ್ರ ಮನ್ಯಾಗ ಏನಿಲ್ಲ ಅಂತ ಕೇಳೇ ಇಲ್ಲ."

ಫಾಂಟನ್ನು ಮತ್ತೆ ಸೇರಿಸಿದೆ. ಕಡಲನ್ನು ತೆಗೆದೆ. ಮುಂದಿನ ಶನಿವಾರ ಒಂದೇ ಫ್ಲಾಪಿಯಿಂದ ದುಂಡು ದುಂಡು ಕನ್ನಡ ಅಕ್ಷರ ಮೂಡಿದಾಗ ಹುಡುಗಿಯರು ಕೇಕೆ ಹಾಕಿದ್ದು ಇವತ್ತಿಗೂ ಕಿವಿಯಲ್ಲಿದೆ. ವಾಪಸು ಬರುವಾಗ ಬಸ್ಸಿನಲ್ಲೇ ಪತ್ರ ಹರಿದೆ.

ವರ್ಷಗಳು ಕಳೆದಿವೆ. ಫ್ಲಾಪಿಗಳ ಕಾಲವೇ ಹೋಯಿತು. ಆ ಪ್ರೋಗ್ರಾಂನ ಪ್ರತಿಯಿದ್ದ ಫ್ಲಾಪಿಯನ್ನು ಮಾತ್ರ ಎಸೆಯಲಾಗಿಲ್ಲ. ಮೊನ್ನೆ ಕುಂದಾಪುರದಿಂದ ಬಾಗೇವಾಡಿಗೆ ಹೊರಟಾಗ ಅಮ್ಮ ಚೀಲಕ್ಕೆ ತೆಂಗಿನಕಾಯಿ ತುಂಬುತ್ತಿದ್ದರು. "ಭಾರ ಬ್ಯಾಡಮ್ಮ, ನಮ್ಮಲ್ಲಿ ಶೇಂಗಾ ಐತಲ್ಲ," ಎಂದುಬಿಟ್ಟೆ. ಅಮ್ಮನ ಕೈ ನಿಂತಿತು. ಒಂದೊಂದೇ ಕಾಯಿ ಹೊರಗಿಟ್ಟರು. ಕೊನೆಯದನ್ನು ನಾನೇ ತೆಗೆದು ಮತ್ತೆ ಚೀಲದೊಳಗಿಟ್ಟೆ.