ಕೋಣನ ಮನೆಗೊಂದು ಹೆಸರು

“ಕೋಣನ ಮನೆಯೋರು ತೊಟ್ಲು ಕಟ್ಟಿದ್ರೆ ಊಟ ಅವರ ಮನೇಲಿ, ನಗು ನಮ್ಮ ಮನೇಲಿ” ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಹೊಟ್ಟೆಕಿಚ್ಚಿಗೆ ಹೇಳಿದ್ದಲ್ಲ, ಇದ್ದದ್ದೇ ಹಾಗೆ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಂಡೆಗುಡ್ಡಗಳ ಮಗ್ಗುಲಲ್ಲಿರುವ ಆ ಹಟ್ಟಿಯಲ್ಲಿ ಪ್ರತಿ ಮನೆಗೂ ಒಂದು ಮನೆಹೆಸರು. ಹುಟ್ಟಿದ ಕೂಸಿಗೆ ಹೆಸರು ಹುಡುಕುವ ಮೊದಲೇ ಅದು ಬಂದು ಮುಂದಿನ ಜಾಗ ಹಿಡಿದು ಕೂತಿರುತ್ತದೆ. ಕೆಲವರಿಗೆ ಬೆಣ್ಣೆ, ಕೆಲವರಿಗೆ ಬಿಲ್ಲು, ಕೆಲವರಿಗೆ ಬಂಗಾರ. ಈ ಮನೆಯ ಪಾಲಿಗೆ ಬಂದದ್ದು ಕೋಣ.

ಅದು ಹೇಗೆ ಬಂತು ಎಂಬುದಕ್ಕೆ ಎರಡು ಕತೆ. ಮನೆಯವರ ಕತೆಯಲ್ಲಿ, ಮುತ್ತಾತ ಸಾಕಿದ ಕೋಣ ಒಂದು ಕರಡಿಯನ್ನು ಗುಡ್ಡ ಹತ್ತಿಸಿ ಹಟ್ಟಿಯ ಮಕ್ಕಳುಮರಿಗಳನ್ನು ಉಳಿಸಿತು. ಹಟ್ಟಿಯವರ ಕತೆಯಲ್ಲಿ ಕರಡಿಯೇ ಇಲ್ಲ. ಕೋಣ ಕೆರೆಯಲ್ಲಿ ಮಲಗಿತು, ಎಬ್ಬಿಸಲು ಹೋದ ಮುತ್ತಾತ ತಂಪಾಗಿದೆ ಅಂತ ತಾನೂ ಪಕ್ಕದಲ್ಲೇ ಮಲಗಿದ, ಸಂಜೆ ಮುತ್ತಜ್ಜಿ ಬಂದು ಇಬ್ಬರಿಗೂ ಒಂದೇ ಕೋಲಲ್ಲಿ ಬಾರಿಸಿ ಎಬ್ಬಿಸಿಕೊಂಡು ಹೋದಳು.

ಹಳೆಯ ಹೆಸರುಗಳ ಕಾಲದಲ್ಲಿ ತೊಂದರೆ ಇರಲಿಲ್ಲ. ಕೋಣನ ಪಾತಣ್ಣ, ಕೋಣನ ಬೋರಣ್ಣ, ಎರಡೂ ಗಟ್ಟಿ, ಜೋಡೆತ್ತಿನ ಹಾಗೆ. ಹೆಸರುಗಳು ನಯವಾಗುತ್ತ ಬಂದಂತೆ ಕೋಣ ತಿರುಗಿ ಹಾಯತೊಡಗಿತು. ಆ ಮನೆಯ ಮಗಳಿಗೆ ಸ್ವಪ್ನ ಎಂದು ಇಟ್ಟರು. ಎದುರುಮನೆಯ ಚಿಕ್ಕಬಸಪ್ಪ, ಎಲೆಅಡಿಕೆಗಿಂತ ಮಾತನ್ನೇ ಹೆಚ್ಚು ಅಗಿಯುವ ಆಸಾಮಿ, ಹುಡುಗಿ ಶಾಲೆಗೆ ಹೊರಟಾಗಲೆಲ್ಲ ಕೇಳುತ್ತಿದ್ದ: “ಏನವ್ವಾ, ಕೋಣನ ಸ್ವಪ್ನದಾಗೆ ಇವತ್ತು ಏನ್ ಬಂದಿತ್ತು? ಹಿಂಡಿಯೋ, ಹತ್ತಿಕಾಳೋ?” ಮದುವೆಯಾಗಿ ಗಂಡನ ಮನೆಹೆಸರಿಗೆ ಸೇರಿದ ದಿನ ಸ್ವಪ್ನ ಅತ್ತದ್ದಕ್ಕಿಂತ ನಕ್ಕದ್ದೇ ಜಾಸ್ತಿ.

ಈ ಕೋಣವನ್ನು ತಲೆಯ ಮೇಲೆ ಹೊತ್ತು ಮೆರೆದವಳೆಂದರೆ ಸ್ವಪ್ನಳ ತಾಯಿ ಮೂಗಮ್ಮ ಒಬ್ಬಳೇ. ತವರಿನಲ್ಲಿ ಅವಳಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯದೆ ಹೋಗಿದ್ದವು. ಈ ಕೂಸಿನ ಮೇಲಾದರೂ ಸಾವು ಆಸೆಪಡದಿರಲಿ ಎಂದು ಹೆತ್ತವರು ಬೇಕಂತಲೇ ಮೂಗಮ್ಮ ಎಂದು ಕರೆದಿದ್ದರು. ಸಾವು ಮೋಸಹೋಯಿತು, ಹೆಸರೂ ಮೋಸಹೋಯಿತು. ಮೂಗಮ್ಮ ಬಂಡೆ ಹತ್ತಿ ತನ್ನ ಎಮ್ಮೆಗಳನ್ನು ಕೂಗಿದರೆ ಅತ್ತ ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲಿನಲ್ಲಿ ಮೇಯುವ ದನಗಳೂ ತಲೆಯೆತ್ತುತ್ತವೆ ಎಂದು ಹಟ್ಟಿಯವರು ಆಡಿಕೊಳ್ಳುತ್ತಿದ್ದರು. ಗಂಡ ಪಾತಣ್ಣ ತೀರಿಹೋದ ಮೇಲೆ ಆ ಎಮ್ಮೆಗಳ ಹಾಲು ಮಾರಿಯೇ ಮಗಳನ್ನು ಒಂದು ದಡ ಸೇರಿಸಿದಳು, ಮಗ ಚಂದ್ರಣ್ಣನಿಗೆ ಒಂದು ಟೆಂಪೋ ಕೊಡಿಸಿದಳು.

ಚಂದ್ರಣ್ಣ ಶೇಂಗಾ ಮೂಟೆ ಹೇರಿಕೊಂಡು ಚಳ್ಳಕೆರೆಗೆ ಹೋಗಿಬರುತ್ತಿದ್ದವನು ಒಮ್ಮೆ ಅಲ್ಲೇ ಶೃತಿಯನ್ನು ನೋಡಿದ, ಒಪ್ಪಿದ, ಮದುವೆಯೂ ಗೊತ್ತಾಯಿತು. ಮದುವೆಯ ಫ್ಲೆಕ್ಸಿನಲ್ಲಿ ಮೂಗಮ್ಮ ಹಟ ಹಿಡಿದು ಬರೆಸಿದ ಅಕ್ಷರ ಒಂದೊಂದೂ ಕುಂಬಳಕಾಯಿ ಗಾತ್ರ: ಕೋಣನ ಚಂದ್ರಣ್ಣ, ಕೋಣನ ಶೃತಿ. ಗೆಳತಿಯರು ಅದರ ಕೆಳಗೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. “ಕೋಣನ ಶೃತಿ ಹೆಂಗಿರುತ್ತೆ, ಒಂದ್ಸಲ ಹಿಡಿದು ತೋರಿಸೇ” ಎಂದರು. ಆ ಫೋಟೊ ಚಳ್ಳಕೆರೆಯ ಎಷ್ಟು ಫೋನು ಸುತ್ತಿತೋ ದೇವರಿಗೇ ಗೊತ್ತು. ಶೃತಿ ತಾಳಿಯ ಜೊತೆಗೆ ಒಂದು ಹಟವನ್ನೂ ಕಟ್ಟಿಕೊಂಡು ಹಟ್ಟಿಗೆ ಬಂದಳು: ತನಗಾದದ್ದು ತನ್ನ ಕೂಸಿಗೆ ಆಗಬಾರದು.

ಕೂಸು ಹುಟ್ಟಿತು, ಹೆಣ್ಣು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಚಂದ್ರಣ್ಣ ಜಗುಲಿಯ ಮೇಲೆ ಕೂತು ಮೊಬೈಲಿನಿಂದ ಹೆಸರು ಹೆಕ್ಕತೊಡಗಿದ. ಚಿಕ್ಕಬಸಪ್ಪ ಕರೆಯದೆಯೇ ಬಂದು ಪಕ್ಕದಲ್ಲಿ ಕೂತ.

“ಭಾವನ?” ಎಂದ ಚಂದ್ರಣ್ಣ.

“ಕೋಣನ ಭಾವನೆ. ಅದಕ್ಕಿರೋದು ಒಂದೇ ಭಾವನೆ ಕಣಲೇ, ಹಸಿವು.”

“ಪ್ರತಿಭಾ?”

“ಕೋಣನ ಪ್ರತಿಭೆ! ಅದನ್ನ ಕೆಸರಿನಾಗೆ ನೋಡ್ಬೇಕು.”

“ಸೌಂದರ್ಯ?”

ಚಿಕ್ಕಬಸಪ್ಪ ಎದ್ದು ಹಿತ್ತಲಿಗೆ ಹೋಗಿ, ಅಲ್ಲಿ ಕಟ್ಟಿದ್ದ ಕೋಣಗರುವಿನ ಮುಖವನ್ನು ಸಾವಕಾಶವಾಗಿ ನೋಡಿಕೊಂಡು ಬಂದು ಮತ್ತೆ ಕೂತ.

“ಮನೆಹೆಸರನ್ನ ತೆಲುಗಿನಾಗೆ ಹೇಳಿದ್ರೆ ಹೆಂಗೆ?” ಚಂದ್ರಣ್ಣನಿಗೆ ಬೆವರು. “ದುನ್ನಪೋತು ಸೌಂದರ್ಯ?”

“ಇಲ್ಲೀವರೆಗೂ ನಾವಷ್ಟೇ ನಗ್ತಿದ್ವಿ. ಆಂಧ್ರದ ರಾಯದುರ್ಗದ ನೆಂಟರೂ ನಗ್ಲಿ ಅಂತಲಾ?”

“ಹೋಗ್ಲಿ, ಹಂಸಿಕಾ ಅಂತ ಒಂದೈತೆ.”

“ಹಿಂಸೇನಾ?” ಒಳಗಿನಿಂದ ಮೂಗಮ್ಮನ ಕೂಗು ಬಂತು. “ಅಯ್ಯೋ, ನಮ್ಮ ಕೋಣ ಯಾರಿಗೂ ಹಿಂಸೆ ಕೊಟ್ಟಿಲ್ಲ ಕಣಪ್ಪಾ! ಮಾರಕ್ಕ ಅಂತ ಇಡ್ರಿ, ನಮ್ಮತ್ತೆ ಹೆಸರು.”

“ಮಾರೀನೂ ಕೋಣಾನೂ ಒಟ್ಟಿಗೆ ತಂದು ನಿಲ್ಲಿಸಿದ್ರೆ ಮುಂದೇನಾಗುತ್ತೆ ಗೊತ್ತಲ್ಲ ಅತ್ತೆ,” ಎನ್ನುತ್ತ ಶೃತಿ ಕೂಸನ್ನೆತ್ತಿಕೊಂಡು ಹೊರಗೆ ಬಂದಳು. “ಸಾಕು. ಹೆಸರು ಸೌಂದರ್ಯ. ಮುಂದೆ ಏನೂ ಬೇಡ. ಹಿಂದೆ ಒಂದು ಸಿ.”

“ಸೀ ಅಂದ್ರೆ?” ಮೂಗಮ್ಮ ಒಳಗಿನಿಂದಲೇ ಕೇಳಿದಳು.

“ಇವರ ಹೆಸರಿನ ಮೊದಲಕ್ಷರ, ಇಂಗ್ಲಿಷಿನಾಗೆ.”

“ಹುಟ್ಟಿಸಿದ ಅಪ್ಪ ಒಂದಕ್ಷರ, ನಮ್ಮ ಮನೆ ಸೊನ್ನೆಯಾ?” ಮೂಗಮ್ಮ ಬಾಗಿಲಿಗೆ ಬಂದು ನಿಂತಳು. ಅವಳ ದನಿ ಅವತ್ತು ಜಗುಲಿ ದಾಟಿ ಹೋಗಲಿಲ್ಲ. “ನಂಗೆ ತವರಿನಾಗೆ ಹೆಸರಿಟ್ಟಿದ್ದು ಪ್ರೀತಿಗಲ್ಲ ಕಣೇ, ಸಾವಿಗೆ ಹೆದರಿ. ಈ ಮನೆಗೆ ಬಂದ ದಿನ ‘ಕೋಣನ ಮೂಗಮ್ಮ’ ಅಂತ ಕರೆದ್ರು ನೋಡು, ಅವತ್ತು ಅನ್ನಿಸ್ತು, ನಾನೂ ಒಂದು ಮನೆಯೋಳು ಅಂತ. ನಿಮ್ಮ ಮಾವ ನಂಗೆ ಬಿಟ್ಟೋಗಿದ್ದು ಅದೊಂದೇ.”

ಶೃತಿಯ ಕಣ್ಣು ತುಂಬಿತು, ಹಟ ಮಾತ್ರ ಇಳಿಯಲಿಲ್ಲ. “ಆ ಹೆಸರು ನಿಮಗೆ ಮಾನ ಕೊಡ್ತು ಅತ್ತೆ. ನಂದು ಕಳೀತು. ನನ್ನ ಕೂಸನ್ನ ಕಂಡು ಊರು ನಗೋದು ಬೇಡ.”

ಇಬ್ಬರದೂ ನಿಜವೇ. ಮೂಗಮ್ಮ ಒಳಗೆ ಹೋಗಿ ಗೋಡೆಗೆ ಒರಗಿ ಬಾಯಿ ಮುಚ್ಚಿದಳು.

ಮುಚ್ಚಿದ್ದು ಅಂದರೆ ಮುಚ್ಚಿದ್ದೇ. ಅವತ್ತಿನಿಂದ ಹಟ್ಟಿ ತನ್ನ ಕಿವಿಯನ್ನೇ ನಂಬದಾಯಿತು. ಸಂಜೆ ಕರೆಯುವವರಿಲ್ಲದೆ ಎಮ್ಮೆಗಳು ಕೆರೆಯಲ್ಲೇ ಕೂತವು. ಚಂದ್ರಣ್ಣ ದಡದ ಮೇಲೆ ನಿಂತು ತಾಯಿಯ ಹಾಗೆ ಕೂಗಿದ, ಆಮೇಲೆ ಟೆಂಪೋದ ಹಾರನ್ ಹೊಡೆದ. ಎಮ್ಮೆಗಳು ಅವನನ್ನು ನೋಡಿ ಇನ್ನಷ್ಟು ಆಳಕ್ಕೆ ಸರಿದವು. ಚಿಕ್ಕಬಸಪ್ಪ ಬಂದು ಮೂಗಮ್ಮನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ, “ಉಸಿರೈತೆ” ಎಂದು ಹಟ್ಟಿಗೆಲ್ಲ ಸಾರಿದ.

ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಸ್ವಪ್ನ ಬಂದಳು. ಕೂಸಿನ ಕಿವಿಯಲ್ಲಿ ಹೆಸರು ಕೂಗಬೇಕಾದವಳು ಸೋದರತ್ತೆ. “ನಾಳೆ ನಾನು ಏನಂತ ಕೂಗ್ಲಿ, ಅದನ್ನಾದ್ರೂ ಹೇಳ್ರಿ” ಎಂದಳು. ಶೃತಿ ಅತ್ತೆಯ ಮುಂದೆ ಮಂಡಿಯೂರಿ ಕೂತಳು. ಸಮಾಧಾನ ಹೇಳಿದಳು, ಕಾರಣ ಹೇಳಿದಳು, ಕಾಲ ಬದಲಾಗಿರುವುದನ್ನು ಹೇಳಿದಳು, ಶಾಲೆಯ ಮಕ್ಕಳ ಬಾಯಿ ಎಂಥದೆಂದು ಹೇಳಿದಳು. ಮೂಗಮ್ಮ ಎಲೆಅಡಿಕೆ ಮೆಲ್ಲುತ್ತ, ರೆಪ್ಪೆ ಬಡಿಯದೆ, ಸೊಸೆಯ ತಲೆಯ ಮೇಲಿನಿಂದ ಎಲ್ಲೋ ದೂರ ನೋಡುತ್ತಿದ್ದಳು. ಶೃತಿಗೆ ಸಾಕಾಗಿಹೋಯಿತು.

“ನೋಡ್ರಿ ಅತ್ತಿಗೆ,” ಎಂದಳು ಸ್ವಪ್ನಳ ಕಡೆ ತಿರುಗಿ, “ನಾನು ಹೇಳಿದ್ದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸ್ದಂಗಾಯ್ತು!”

ಮಾತು ಬಾಯಿಂದ ಬಿದ್ದ ಮೇಲೆ ಏನಂದೆನೆಂದು ಅವಳಿಗೇ ಕೇಳಿಸಿತು. ಸ್ವಪ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಂದ್ರಣ್ಣ ಮೆಲ್ಲಗೆ ಗೂಟದ ಮೇಲಿನ ಟೆಂಪೋ ಕೀಲಿಗೆ ಕೈ ಹಾಕಿದ.

ಮೂಗಮ್ಮ ಎದ್ದು ಹೋಗಿ ಎಲೆಅಡಿಕೆ ಉಗುಳಿ ಬಂದಳು. “ಏನಂದೆ?”

“ತಪ್ಪಾಯ್ತು ಅತ್ತೆ.”

“ತಪ್ಪು ಆಮೇಲೆ ನೋಡ್ಕೊಳ್ಳಾಣ. ಕೋಣನ ಮುಂದೆ ಏನಂದೆ?”

“ಕಿನ್ನರಿ.”

“ಹಂಗಂದ್ರೆ ಏನು?”

“ವಾದ್ಯ ಅತ್ತೆ. ತಂತೀದು. ಭಾಳ ಇಂಪಂತೆ.”

ಹುಟ್ಟಿದಾಗಿನಿಂದ ಕೇಳಿದ ಗಾದೆ. ಆದರೆ ಕೋಣ ಎಂಬ ಮಾತು ಬಂದ ಕೂಡಲೇ ಮೂಗಮ್ಮನ ಕಿವಿ ತುಂಬಿಬಿಡುತ್ತಿತ್ತು, ಅದರ ಮುಂದೆ ಯಾರು ನಿಂತಿದ್ದಾರೆಂದು ಅವಳು ನೋಡಿಯೇ ಇರಲಿಲ್ಲ. “ಕಿನ್ನರಿ,” ಎಂದಳು ಮೆಲ್ಲಗೆ. “ಕೋಣನ ಕಿನ್ನರಿ.” ಮೂರನೆಯ ಸಲ ಹೇಳಿದ್ದು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಕೆರೆಯಲ್ಲಿದ್ದ ಎಮ್ಮೆಗಳು ತಮ್ಮನ್ನೇ ಕರೆದರೆಂದು ತಿಳಿದು ಎದ್ದು ಮನೆಯ ದಾರಿ ಹಿಡಿದವು.

“ಚಿಕ್ಕಬಸಪ್ಪಾ! ಕೇಳಿಸ್ತೇನೋ? ಕೋಣನ ಕಿನ್ನರಿ! ನಗು ನೋಡಾಣ!”

ಎದುರು ಜಗುಲಿಯಲ್ಲಿ ಚಿಕ್ಕಬಸಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. “ಏನ್ ನಗ್ಲಿ ಮೂಗಕ್ಕಾ? ನಗೋದನ್ನೆಲ್ಲ ಗಾದೆಯೇ ನಕ್ಕು ಮುಗಿಸೈತೆ. ನಂಗೇನ್ ಉಳಿಸೈತೆ ಹೇಳು.”

ಅವನ ಪೆಚ್ಚು ಮುಖ ಕಂಡು ಮೊದಲು ನಕ್ಕವಳು ಶೃತಿ. ಹೆಸರು ಅವಳ ಬಾಯಿಗೂ ರುಚಿಸಿತ್ತು. ಆದರೂ ಚಳ್ಳಕೆರೆಯ ಹೆಣ್ಣು, ಚೌಕಾಸಿ ಬಿಡಲಿಲ್ಲ. “ಒಂದು ಮಾತು ಅತ್ತೆ. ಈ ಹೆಸರಿನ ಸಲುವಾಗಿ ನನ್ನ ಮಗಳು ಒಂದಿನ ಅತ್ಕೊಂಡು ಮನೆಗೆ ಬಂದ್ರೂ, ಅವತ್ತೇ ಕೋಣನ್ನ ತೆಗೀತೀನಿ.”

“ತೆಗಿಯವ್ವ. ನಾನು ತುಟಿ ಬಿಚ್ಚಲ್ಲ.”

ಮರುದಿನ ಸ್ವಪ್ನ ಕೂಸಿನ ಕಿವಿಯಲ್ಲಿ ಹೆಸರು ಕೂಗಿದಳು, ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು, ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಹೆತ್ತ ತಾಯಿ ಮೂಗಮ್ಮನೇ.

ಕಿನ್ನರಿ ಬೆಳೆದಳು. ಮೂಗಮ್ಮನ ಮಂಡಿಗಳು ಸೋತವು. ಎಮ್ಮೆಗಳನ್ನು ಮಾರಿದರು. ಮುದುಕಿ ನಡುಮನೆಯ ಮಂಚಕ್ಕೆ ಬಂದಳು, ಹಿತ್ತಲಿಗೆ ಹೋಗಬೇಕಾದರೂ ಗೋಡೆ ಹಿಡಿಯಬೇಕು. ಹುಡುಗಿ ಆ ಮಂಚದ ತುದಿಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ವಟಗುಟ್ಟುತ್ತಿದ್ದಳು. ಆ ಗಲಾಟೆಯಲ್ಲೂ ಮೂಗಮ್ಮನಿಗೆ ಒಳಗೊಳಗೆ ಒಂದು ಭಯ: ಇವಳು ಶಾಲೆಗೆ ಹೋಗುವ ಕಾಲ ಬರುತ್ತದೆ.

ಬಂತು. ಒಂದನೇ ಕ್ಲಾಸಿಗೆ ಸೇರಿದ ಹೊಸದರಲ್ಲೇ ಒಂದು ಮಧ್ಯಾಹ್ನ ಕಿನ್ನರಿ ಊಟದ ಬಿಡುವಿನಲ್ಲಿ ಬಿಕ್ಕುತ್ತ ಮನೆಗೆ ಓಡಿ ಬಂದಳು. ಶೃತಿ ರೊಟ್ಟಿ ಬಡಿಯುತ್ತಿದ್ದವಳು ಎದ್ದು ಅತ್ತೆಯ ಕಡೆ ನೋಡಿದಳು. ಮೂಗಮ್ಮ ಗೋಡೆಯ ಕಡೆ ನೋಡಿದಳು. ಕೊಟ್ಟ ಮಾತು ಕೊಟ್ಟದ್ದೇ.

“ಯಾರು ನಕ್ರು ಮಗಾ? ಹೇಳು,” ಎಂದಳು ಶೃತಿ.

“ಯಾರೂ ನಗ್ಲಿಲ್ಲ,” ಎಂದಳು ಕಿನ್ನರಿ, ಬಿಕ್ಕಳಿಕೆಯ ನಡುವೆ. “ಹೊಸ ಮಿಸ್ಸು ಹಾಜರಿ ಕೂಗುವಾಗ ಬರೀ ಕಿನ್ನರಿ ಅಂದ್ರು. ಕೋಣ ಬಿಟ್ಬಿಟ್ರು! ಕೇಳಿದ್ರೆ, ಅದು ಬೇಡ ಪುಟ್ಟಿ, ಚೆಂದಿಲ್ಲ ಅಂದ್ರು. ಕೋಣಾನೇ ಇಲ್ಲಾಂದ್ರೆ ಕಿನ್ನರೀನ ಯಾರ ಮುಂದೆ ಬಾರಿಸ್ತಾರೆ?”

ಮಂಚ ಕಿರುಗುಟ್ಟಿತು. ಮೂಗಮ್ಮ ಎದ್ದು ನಿಂತಿದ್ದಳು.

“ಟ್ರಂಕಿನಾಗೆ ನನ್ನ ಮೊಳಕಾಲ್ಮೂರು ಸೀರೆ ಐತೆ, ತಗಿಯೇ.”

“ಅತ್ತೆ, ನಿಮ್ಮ ಮಂಡಿ...”

“ಮಂಡಿ ಹಿಂದಿಂದ ಬರ್ಲಿ. ನಾನು ಮುಂದೆ ಶಾಲೆಗೆ ಹೋಗಿರ್ತೀನಿ.”

ಸೀರೆ ಉಡಿಸಿದ್ದು ಶೃತಿ, ನೆರಿಗೆ ಹಿಡಿದದ್ದು ಕಿನ್ನರಿ. ಮೂಗಮ್ಮ ಕೋಲೂರಿ, ಬಾಗಿಲುವಾಡ ಹಿಡಿದು, ಒಂದೊಂದೇ ಕಾಲನ್ನು ಎತ್ತಿ ಹೊಸ್ತಿಲ ಆಚೆಗಿಟ್ಟಳು. ತನ್ನ ಕಾಲ ಮೇಲೆ ಅವಳು ಆ ಮನೆಯಿಂದ ಹೊರಟದ್ದು ಅದೇ ಕಡೆಯ ಸಲ. ಚಿಕ್ಕಬಸಪ್ಪ ಎದುರು ಜಗುಲಿಯಿಂದ ಎದ್ದು ನಿಂತ.

ಅಂಗಳ ದಾಟುವಷ್ಟರಲ್ಲಿ ಶೃತಿ ಒಲೆ ಆರಿಸಿ, ಕೈಗಂಟಿದ ಹಿಟ್ಟು ಒರೆಸುತ್ತ ಓಡಿ ಬಂದು ಅತ್ತೆಯ ಕೋಲಿಲ್ಲದ ಕಡೆಯ ರಟ್ಟೆ ಹಿಡಿದಳು.

“ನೀನ್ಯಾಕೆ ಬರ್ತೀಯೇ?”

“ನೀವು ಬೈಯಿರಿ ಅತ್ತೆ,” ಎಂದಳು ಶೃತಿ. “ನಾನು ಕೋಣನ ಸ್ಪೆಲಿಂಗ್ ಹೇಳ್ತೀನಿ.”